ಹೊಕ್ಕುಳಲ್ಲಿ ಒಂದೇ ತೂತು: ಕಿಡ್ನಿ ಸರ್ಜರಿಗೆ ಒಪ್ಪುವ ಮುಂಚೆ ತಿಳಿದಿರಬೇಕಾದ್ದು

‘ಗಾಯದ ಗುರುತೇ ಕಾಣಲ್ಲ’ ಅನ್ನೋ ಮಾತನ್ನು ನೀವೂ ಕೇಳಿರಬಹುದು. ಹೊಕ್ಕುಳಲ್ಲಿ ಎರಡು ಮೂರು ಸೆಂಟಿಮೀಟರ್ ಸೀಳು, ಅದರಿಂದಲೇ ಕ್ಯಾಮೆರಾ, ಕತ್ತರಿ, ಚಿಮಟ ಎಲ್ಲವೂ ಒಳಗೆ. ವೈದ್ಯರು ಇದನ್ನು ‘ಲೆಸ್’ ಅಂತಾರೆ. ಮಾಮೂಲಿ ಲ್ಯಾಪರೊಸ್ಕೋಪಿಗೆ 5ರಿಂದ 12 ಮಿಲಿಮೀಟರಿನ ಮೂರ್ನಾಲ್ಕು ತೂತು ಬೇಕು.

ಲ್ಯಾಪರೊಸ್ಕೋಪಿಯಲ್ಲಿ ಮೊದಲ ಬಾರಿ ಕಿಡ್ನಿ ತೆಗೆದದ್ದು 1990ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ರಾಲ್ಫ್ ಕ್ಲೇಮನ್ ತಂಡ. ಒಂದೇ ಸೀಳಿನ ಕಿಡ್ನಿ ಸರ್ಜರಿಯ ವರದಿಗಳು ಬಂದದ್ದು 2007ರಲ್ಲಿ. ಅದರ ಆರಂಭದ ವರ್ಷಗಳ ಕೆಲಸದಲ್ಲಿ ಗುಜರಾತಿನ ನಡಿಯಾದ್‌ನ ಮೂಲಜಿಭಾಯಿ ಪಟೇಲ್ ಆಸ್ಪತ್ರೆಯ ಪಾಲೂ ಇದೆ.

ಇದು ಹೆಚ್ಚು ಹೊಂದೋದು ಕ್ಯಾನ್ಸರ್ ಅಲ್ಲದ ತೊಂದರೆಗಳಿಗೆ. ಕಿಡ್ನಿಯಿಂದ ಮೂತ್ರನಾಳ ಹೊರಡುವ ಜಾಗ ಕಿರಿದಾಗಿ ಮೂತ್ರ ಕಟ್ಟಿಕೊಂಡರೆ ಆ ಭಾಗ ಕತ್ತರಿಸಿ ಮರುಜೋಡಿಸುವ ಪೈಲೊಪ್ಲಾಸ್ಟಿ, ನೋವು ಕೊಡುವ ದೊಡ್ಡ ಸಿಸ್ಟ್, ಕೆಲಸ ನಿಲ್ಲಿಸಿದ ಕಿಡ್ನಿ. ಕ್ಯಾನ್ಸರ್ ಇದ್ದರೆ ಕಿಡ್ನಿಯನ್ನು ಸಾಮಾನ್ಯವಾಗಿ ಇಡಿಯಾಗಿ ತೆಗೀಬೇಕು, ಸೀಳು ಹೇಗೂ ದೊಡ್ಡದಾಗುತ್ತೆ. ಕ್ಯಾನ್ಸರ್ ಇಲ್ಲದ, ಸುಕ್ಕುಗಟ್ಟಿದ ಕಿಡ್ನಿಯನ್ನು ಒಳಗೇ ಚೀಲಕ್ಕೆ ಹಾಕಿ, ಚೂರು ಮಾಡಿ ಸಣ್ಣ ಸೀಳಿನಿಂದ ಹೊರತರಬಹುದು.

ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಇಲ್ಲಿ ಮುಖ್ಯ ಅನಿಸೋದು ಜ್ಯಾಮಿತಿ. ಮಾಮೂಲಿ ವಿಧಾನದಲ್ಲಿ ಎರಡು ಸಾಧನಗಳು ಎಡಬಲದಿಂದ ಓರೆಯಾಗಿ ಬಂದು ಸೇರುತ್ತವೆ. ಒಂದು ಎಳೆದು ಹಿಡಿಯುತ್ತೆ, ಇನ್ನೊಂದು ಕತ್ತರಿಸುತ್ತೆ. ಒಂದೇ ತೂತಿಗೆ ತಂದರೆ ಎಲ್ಲವೂ ಹೆಚ್ಚುಕಡಿಮೆ ಸಮಾನಾಂತರ. ಹೊರಗೆ ಹಿಡಿಗಳು ಡಿಕ್ಕಿ ಹೊಡೀತವೆ, ಒಳಗೆ ತುದಿಗಳು ಕ್ಯಾಮೆರಾಗೆ ಅಡ್ಡ ಬರ್ತವೆ. ಸಾಧನಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿದರೆ ಕೋನವೇನೋ ಸಿಗುತ್ತೆ, ಆದರೆ ಎಡಗೈಯದ್ದು ಪರದೆಯ ಬಲಕ್ಕೆ ಕಾಣುತ್ತೆ. ಆ ಸ್ಥಿತಿಯಲ್ಲಿ ಪೈಲೊಪ್ಲಾಸ್ಟಿಯ ನವಿರಾದ ಹೊಲಿಗೆ ಹಾಕಬೇಕು! ದುಬಾರಿ ಪೋರ್ಟಿನ ಬದಲು ಸರ್ಜರಿಯ ಗ್ಲೌಸನ್ನೇ ಸೀಳಿಗೆ ಬಿಗಿದು, ಅದರ ಬೆರಳುಗಳಿಂದ ಸಾಧನ ತೂರಿಸುವ ಜುಗಾಡ್ ಕೂಡ ಇದೆ. ನನಗೆ ತುಂಬಾ ಹಿಡಿಸಿದ್ದು ಅದೇ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡ ವಿಂಚಿ ಎಸ್‌ಪಿ ರೋಬಾಟ್ 2.5 ಸೆಂಟಿಮೀಟರ್ ಕೊಳವೆಯಿಂದ ಒಳಹೋಗಿ, ಒಳಗೇ ಸಾಧನಗಳನ್ನು ಮಣಿಸಿ ಕಳೆದುಹೋದ ಕೋನವನ್ನು ವಾಪಸ್ ಕೊಡುತ್ತೆ. ಬೆಲೆಯ ಕಥೆ ಬೇರೆ.

ಇನ್ನು ಫಲಿತಾಂಶ. 18 ಆಸ್ಪತ್ರೆಗಳ 1,076 ಲೆಸ್ ಸರ್ಜರಿಗಳ ವಿಶ್ಲೇಷಣೆ 2011ರಲ್ಲಿ ಪ್ರಕಟವಾಯ್ತು. ಕ್ಯಾನ್ಸರಿನವರೂ ಅದರಲ್ಲಿದ್ದರು. ಸುಮಾರು ಐದರಲ್ಲಿ ಒಂದು ಸರ್ಜರಿಯಲ್ಲಿ ವೈದ್ಯರು ಮಧ್ಯದಲ್ಲಿ ಹೆಚ್ಚುವರಿ ತೂತು ಹಾಕಿದರು ಇಲ್ಲವೇ ಬೇರೆ ವಿಧಾನಕ್ಕೆ ಹೋದರು. ಹೊಟ್ಟೆ ತೆರೆದು ಮಾಡಬೇಕಾಗಿ ಬಂದದ್ದು ಶೇ. 1. ಇದನ್ನು ಸೋಲು ಅನ್ನಲಾರೆ. ಹಟಕ್ಕೆ ಬೀಳದೆ ಇನ್ನೊಂದು ತೂತು ಹಾಕುವವರೇ ಒಳ್ಳೆ ಸರ್ಜನ್. ನನ್ನ ತಕರಾರು, ಅದನ್ನು ರೋಗಿಗೆ ಮೊದಲೇ ಹೇಳದಿದ್ದರೆ ಮಾತ್ರ. ಗುರುತು ಕಡಿಮೆ ಅನ್ನೋದು ನಿಜ. ನೋವು, ಆಸ್ಪತ್ರೆ ವಾಸದಲ್ಲಿ ಮಾಮೂಲಿ ಲ್ಯಾಪರೊಸ್ಕೋಪಿಗಿಂತ ಲಾಭ ಸಿಕ್ಕರೂ ಅಲ್ಪವೇ.

ಕಾನೂನು ರೋಗಿಯ ಪರ ಇದೆ. ತಪಾಸಣೆಯ ಲ್ಯಾಪರೊಸ್ಕೋಪಿಗೆ ಒಪ್ಪಿದ್ದ ಮಹಿಳೆಯ ಗರ್ಭಕೋಶವನ್ನೇ ತೆಗೆದಿದ್ದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿತು: ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ತಿಳಿಸಿ ಒಪ್ಪಿಗೆ ಪಡೀಬೇಕು. ಜೀವಕ್ಕೆ ಅಪಾಯ ಇಲ್ಲದಿರುವಾಗ ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಇದನ್ನು ಸೂಚಿಸಿದರೆ ಕೇಳಿ: ನೀವು ಇಂಥವು ಎಷ್ಟು ಮಾಡಿದ್ದೀರಿ? ಎಷ್ಟರಲ್ಲಿ ಇನ್ನೊಂದು ತೂತು ಬೇಕಾಯ್ತು? ಮಾಮೂಲಿ ವಿಧಾನಕ್ಕಿಂತ ಎಷ್ಟು ಹೆಚ್ಚು ಖರ್ಚು, ವಿಮೆ ಅದನ್ನು ಕೊಡುತ್ತಾ? ‘ಅಗತ್ಯ ಬಿದ್ದರೆ ಹೆಚ್ಚುವರಿ ತೂತು ಅಥವಾ ತೆರೆದ ಸರ್ಜರಿ’ ಅನ್ನೋ ಸಾಲು ಒಪ್ಪಿಗೆ ಪತ್ರದಲ್ಲಿ, ರೋಗಿಗೆ ಓದಲು ಬರುವ ಭಾಷೆಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಸಹಿಗೆ ಮುಂಚೆ ಬರೆಸಿಕೊಳ್ಳಿ.