ಫಿಜಿಯ ಹಳ್ಳಿಗಳಲ್ಲಿ ಯಜಮಾನ ಯಾರು?

ಊರಿನ ಪರವಾಗಿ ಮಾತಾಡುವ ಹಕ್ಕು ಯಾರದು? ವಂಶದಿಂದ ಬಂದವರದೋ, ಜನ ಆರಿಸಿದವರದೋ? ಪೆಸಿಫಿಕ್ ಸಾಗರದ ಫಿಜಿಯಲ್ಲಿ ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

ಫಿಜಿಯ ಹಳ್ಳಿಗೆ ‘ಕೋರೊ’ ಎನ್ನುತ್ತಾರೆ. ಅಲ್ಲಿ ಇಬ್ಬರು ಮುಖ್ಯಸ್ಥರಿದ್ದಾರೆ. ಒಬ್ಬರು ‘ತುರಾಂಗ’, ಅಂದರೆ ವಂಶದ ಒಡೆಯ. ಇನ್ನೊಬ್ಬರು ‘ತುರಾಂಗ ನಿ ಕೋರೊ’, ಅಂದರೆ ಹಳ್ಳಿಯವರು ಆರಿಸಿದ ಮುಖಂಡ. ಊರ ಶುಚಿತ್ವ, ಸಭೆ, ಸರ್ಕಾರದ ಸುದ್ದಿ ಇವರ ಕೆಲಸ. ಹೊರಗಿನವರು ಊರಿಗೆ ಹೋದರೆ ಮೊದಲು ಯಂಗೊನಾ ಬೇರನ್ನು ಕಾಣಿಕೆ ಕೊಟ್ಟು ಅನುಮತಿ ಕೇಳಬೇಕು.

1874ರ ಅಕ್ಟೋಬರ್ 10ರಂದು ಥಾಕೊಂಬಾವ್ ಮತ್ತು ಇತರ ಒಡೆಯರು ಲೆವುಕಾದಲ್ಲಿ ಸಹಿ ಹಾಕಿ ದ್ವೀಪಗಳನ್ನು ಬ್ರಿಟನ್ನಿಗೆ ಒಪ್ಪಿಸಿದರು. ಗವರ್ನರ್ ಆರ್ಥರ್ ಗಾರ್ಡನ್ ಒಡೆಯರ ಮೂಲಕವೇ ಆಳ್ವಿಕೆ ನಡೆಸಿದರು. 1876ರಲ್ಲಿ ಒಡೆಯರ ಮಹಾಸಭೆ ಶುರುವಾಯಿತು. ಮೂಲನಿವಾಸಿಗಳ ನೆಲ ಮಾರಾಟವಾಗದಂತೆ ಕಾಪಾಡಿದರು. ಆ ನೆಲ ಒಬ್ಬರದಲ್ಲ, ‘ಮತಂಗಾಲಿ’ ಎಂಬ ಕುಲದ್ದು. ಇಂದಿಗೂ ದೇಶದ ಶೇ. 80ಕ್ಕಿಂತ ಹೆಚ್ಚು ನೆಲ ಹೀಗೆಯೇ ಇದೆ.

ಹಳ್ಳಿಗರನ್ನು ಕಬ್ಬಿನ ತೋಟಗಳಿಗೆ ಎಳೆಯಬಾರದು ಎಂದಾಗ ಕೂಲಿಗಳು ಬೇಕಾದರು. ಆಗ ನೆನಪಾದದ್ದು ಭಾರತ. 1879ರಿಂದ 1916ರವರೆಗೆ ಸುಮಾರು 60 ಸಾವಿರ ಜನ ಗಿರ್ಮಿಟ್ ಕರಾರಿನ ಮೇಲೆ ಹೋದರು. 1903ರಿಂದ ಮದ್ರಾಸ್ ಕಡೆಯಿಂದಲೂ ಹಡಗು ಹೊರಟವು. ಒಂದು ಜನರ ನೆಲ ಉಳಿಯಿತು, ಇನ್ನೊಂದು ಜನರ ಬೆವರು ಹರಿಯಿತು. ಕರಾರು ಮುಗಿದ ಮೇಲೂ ಅಲ್ಲೇ ನಿಂತ ಬಹಳಷ್ಟು ಜನ ಕುಲದ ನೆಲವನ್ನು ಗೇಣಿಗೆ ಪಡೆದು ಕಬ್ಬು ಬೆಳೆದರು. 1997ರಿಂದ 30 ವರ್ಷದ ಗೇಣಿಗಳು ಮುಗಿಯತೊಡಗಿದಾಗ ಅನೇಕರು ಮನೆ, ಹೊಲ ಬಿಟ್ಟು ಹೊರಟರು.

ಕುಲದೊಳಗೂ ತಕರಾರಿತ್ತು. ಕಚೇರಿಯ ಕಡಿತದ ನಂತರ ಉಳಿದ ಗೇಣಿಯಲ್ಲಿ ಶೇ. 30ರಷ್ಟು ಮೂರು ಹಂತದ ಒಡೆಯರ ಪಾಲಾಗುತ್ತಿತ್ತು. ಸಾಮಾನ್ಯ ಸದಸ್ಯರಿಗೆ ಉಳಿದ 70. 2011ರಿಂದ ಎಲ್ಲರಿಗೂ ಸಮಪಾಲು ಎಂದಾಯಿತು. 2012ರಲ್ಲಿ ಬೈನಿಮರಾಮ ಸರ್ಕಾರ ಒಡೆಯರ ಮಹಾಸಭೆಯನ್ನೇ ರದ್ದು ಮಾಡಿತು. 2023ರಲ್ಲಿ ರಂಬುಕಾ ಸರ್ಕಾರ ಅದನ್ನು ಮತ್ತೆ ಕೂಡಿಸಿತು.

ನಾವು ಇದರಿಂದ ಕಂಡದ್ದು ಇಷ್ಟು: ಒಡೆಯರ ಪದ್ಧತಿ ನೆಲವನ್ನು ಉಳಿಸಿತು, ಆದರೆ ಅದರ ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಗೌರವ ಬೇರೆ, ಲೆಕ್ಕ ಬೇರೆ. ಒಡೆಯರ ಮುಂದೆ ತಲೆ ಬಾಗುವ ಹಳ್ಳಿಗರು ಗೇಣಿಯ ಲೆಕ್ಕವನ್ನೂ ಕೇಳಬಹುದು.