ಮೇಗುಂದದ ದಾರಿ ಮತ್ತು ಕಾರಿನೊಳಗಿನ ನಕ್ಷೆ

ಶಿವಮೊಗ್ಗದ ಶೋರೂಮಿನ ಹುಡುಗ ಬಹಳ ಉತ್ಸಾಹದಲ್ಲಿದ್ದ. "ಸಾರ್, ಇದಕ್ಕೆ ಮೊಬೈಲೇ ಬೇಡ. ನಕ್ಷೆ ಕಾರಿನ ಒಳಗೇ ಇರುತ್ತೆ, ನೆಟ್‌ವರ್ಕ್ ಇಲ್ಲದಿದ್ರೂ ದಾರಿ ಹೇಳುತ್ತೆ. ನಿಮ್ಮೂರ ಹೆಸರು ಹೇಳಿ ನೋಡೋಣ" ಅಂದ. ಮೇಗುಂದ ಅಂದೆ. ಸ್ಕ್ರೀನು ಸ್ವಲ್ಪ ಹೊತ್ತು ತಿರುಗಿ ಏನೂ ಸಿಗಲಿಲ್ಲ ಅಂತು. ಅದರದ್ದೇನೂ ತಪ್ಪಿಲ್ಲ ಬಿಡಿ, ಮೇಗುಂದ ನಮಗೆ ಹೋಬಳಿಯ ಹೆಸರು. ಪಹಣಿಯಲ್ಲಿ ಬರುತ್ತೆ, ಬೋರ್ಡಿನಲ್ಲಿ ಬರೋದು ಕಡಿಮೆ. ಸರಿ, ನಮ್ಮ ಪೇಟೆ ಜಯಪುರ ಹಾಕಪ್ಪ ಅಂದೆ. ಮೊದಲು ರಾಜಸ್ಥಾನದ ಜೈಪುರ ಬಂತು. ಆಮೇಲೆ ಮೈಸೂರಿನ ಹತ್ತಿರದ ಜಯಪುರ. ಮೂರನೆಯದು ನಮ್ಮದು!

ಕೆಳಗಿನ ಮಾಡೆಲ್ಲಿಗೂ ಇದಕ್ಕೂ ಒಂದೂ ಮುಕ್ಕಾಲು ಲಕ್ಷ ವ್ಯತ್ಯಾಸ. ನಕ್ಷೆ ಒಂದನ್ನೇ ಕೊಡಿ ಅಂದರೆ ಕೊಡೋದಿಲ್ಲವಂತೆ. ಜೊತೆಗೆ ಚಾವಣಿಯಲ್ಲಿ ಸನ್‌ರೂಫ್ ತಗೊಳ್ಳಲೇಬೇಕು. ವರ್ಷದಲ್ಲಿ ಐದು ತಿಂಗಳು ಮಳೆ ಹೊಡೆಯುವ ಊರಿಗೆ ಸನ್‌ರೂಫ್! ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲು ಅರ್ಧಕ್ಕೆ ಇಳಿದಿರುವಾಗ ಒಂದೂ ಮುಕ್ಕಾಲು ಲಕ್ಷ ಅಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ.

ಆದರೂ ತಕ್ಷಣ ಬೇಡ ಅನ್ನಲಾಗಲಿಲ್ಲ. ಕಾರಣ ಇದೆ.

ಹಿಂದಿನ ವರ್ಷ ಆಷಾಢದ ಒಂದು ರಾತ್ರಿ ಅಪ್ಪಯ್ಯನಿಗೆ ಎದೆನೋವು ಬಂತು. ನಾನು ಬೆಂಗಳೂರಿನಲ್ಲಿದ್ದೆ. ಊರಲ್ಲಿದ್ದವಳು ನನ್ನ ಹೆಂಡತಿ. ಅವಳು ತುಮಕೂರು ಕಡೆಯವಳು, ಕಾರು ಚೆನ್ನಾಗಿ ಓಡಿಸುತ್ತಾಳೆ, ಆದರೆ ನಮ್ಮ ಒಳದಾರಿಗಳು ಗೊತ್ತಿಲ್ಲ. ಮಣಿಪಾಲಕ್ಕೆ ಹೊರಟಳು. ಎಂದಿನ ದಾರಿಗೆ ಮರ ಬಿದ್ದಿತ್ತು. ಮೊಬೈಲಿನ ನಕ್ಷೆ ಬೇರೆ ದಾರಿ ತೋರಿಸಿತು, ಅದೇ ಹೊತ್ತಿಗೆ ಸಿಗ್ನಲ್ಲೂ ಹೋಯಿತು. ತೋರಿಸಿದ ಗೆರೆ ಹಿಡಿದು ಹೋದರೆ ಎಸ್ಟೇಟಿನ ದಾರಿ ಒಂದು ಹಳ್ಳದ ದಂಡೆಗೆ ಹೋಗಿ ನಿಂತಿತು. ಅಲ್ಲಿದ್ದದ್ದು ಕಾಲುಸಂಕ. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಪ್ಪಯ್ಯನೇ ಎದ್ದು ಕೂತು "ರಿವರ್ಸ್ ತಗೋ ಮಗಾ, ಇದು ದನ ದಾಟೋ ಜಾಗ" ಅಂದರಂತೆ. ಆ ಕತ್ತಲು, ಆ ಕೆಸರಲ್ಲಿ ಕಾರು ಹಿಂದಕ್ಕೆ ತಿರುಗಿಸಿ ಟಾರು ರಸ್ತೆ ಸೇರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಅಪ್ಪಯ್ಯ ಈಗ ಆರಾಮಾಗಿದ್ದಾರೆ. ಆದರೆ ಆ ಮುಕ್ಕಾಲು ಗಂಟೆ ನನ್ನ ತಲೆಯಿಂದ ಹೋಗಿಲ್ಲ. ಶೋರೂಮಿನ ಹುಡುಗ ನೆಟ್‌ವರ್ಕ್ ಬೇಡ ಅಂದಾಗ ಕಿವಿ ನೆಟ್ಟಗಾಗಿದ್ದು ಅದಕ್ಕೇ.

ಬುಕ್ ಮಾಡಲು ಹದಿನೈದು ದಿನ ಕೇಳಿಕೊಂಡು ಬಂದೆ. ನನಗೊಂದು ಕೆಟ್ಟ ಅಭ್ಯಾಸ, ಏನು ಕೊಳ್ಳಬೇಕಾದರೂ ಅದರ ಚರಿತ್ರೆ ಹುಡುಕುತ್ತಾ ಕೂರೋದು. ಮಿಕ್ಸಿ ಕೊಳ್ಳುವಾಗಲೂ ಹೀಗೇ ಮಾಡಿ ಬೈಸಿಕೊಂಡಿದ್ದೆ. ಈ ಸಲ ಹುಡುಕಿದ್ದು ಸ್ವಲ್ಪ ಪ್ರಯೋಜನಕ್ಕೆ ಬಂತು.

ಕಾರಿನ ನಕ್ಷೆ ಅಂದರೆ ಉಪಗ್ರಹದ ಕೂಸು ಅಂತ ನಾನು ತಿಳಿದಿದ್ದೆ. ಅಲ್ಲವೇ ಅಲ್ಲ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಎಲೆಕ್ಟ್ರೋ ಗೈರೋಕೇಟರ್ ಅನ್ನುವ ಯಂತ್ರ ಹೊರತಂದಾಗ ಜಿಪಿಎಸ್ ಜನರ ಬಳಕೆಗೆ ಬಂದೇ ಇರಲಿಲ್ಲ. ಕಾರು ಯಾವ ಕಡೆ ತಿರುಗಿತು ಅನ್ನೋದನ್ನು ಹೀಲಿಯಂ ಅನಿಲ ತುಂಬಿದ ಒಂದು ಗೈರೋ ಹೇಳುತ್ತಿತ್ತು, ಎಷ್ಟು ದೂರ ಹೋಯಿತು ಅನ್ನೋದು ಚಕ್ರದ ಸುತ್ತಿನಿಂದ ಗೊತ್ತಾಗುತ್ತಿತ್ತು. ಚಿಕ್ಕ ಟಿವಿಯಂಥ ಪರದೆಯ ಮುಂದೆ ಪಾರದರ್ಶಕ ಹಾಳೆಯ ನಕ್ಷೆಯನ್ನು ಕೈಯಾರೆ ಸಿಕ್ಕಿಸಬೇಕು. ಊರು ದಾಟಿದಾಗ ಹಾಳೆ ಬದಲಿಸಬೇಕು. ಇದರ ಬೆಲೆ ಕಾರಿನ ಬೆಲೆಯ ಸುಮಾರು ಕಾಲು ಭಾಗ! ಬೆಲೆ ನೋಡಿ ಹಿಂದೆ ಸರಿದವರಲ್ಲಿ ನಾನು ಮೊದಲಿಗನಲ್ಲ ಅಂತ ಸಮಾಧಾನವಾಯಿತು.

1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಟ್ಯಾಕ್ ಅನ್ನುವ ಕಂಪನಿ ನಕ್ಷೆಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಮಾರಿತು. ಹೌದು, ನಾವು ಯಕ್ಷಗಾನದ ಹಾಡು ಕೇಳುತ್ತಿದ್ದಂಥ ಟೇಪು. ಆ ಹೆಸರು ಶಾಂತಸಾಗರದ ದ್ವೀಪದವರದ್ದು. ಅವರು ದೋಣಿಯಲ್ಲಿ ಹೋಗುವಾಗ ದೋಣಿ ನಿಂತೇ ಇದೆ, ದ್ವೀಪಗಳೇ ಹಿಂದಕ್ಕೆ ಸರಿಯುತ್ತಿವೆ ಅಂತ ಲೆಕ್ಕ ಹಾಕಿ ದಾರಿ ಹಿಡಿಯುತ್ತಿದ್ದರಂತೆ. ಈಗ ಪರದೆಯ ಮೇಲೆ ಬಾಣದ ಗುರುತು ಮಧ್ಯದಲ್ಲೇ ನಿಂತು ಊರು ಸರಿಯುತ್ತದಲ್ಲ, ಅದೇ ಲೆಕ್ಕ. ಜಿಪಿಎಸ್ ಇರುವ ನಕ್ಷೆ ಕಾರಿನೊಳಗೆ ಬಂದದ್ದು 1990ರಲ್ಲಿ, ಮಾಜ್ದಾದ ಯೂನೋಸ್ ಕಾಸ್ಮೋ ಕಾರಿನಲ್ಲಿ. ಆಗಲೂ ಅಮೆರಿಕ ಸಾರ್ವಜನಿಕರಿಗೆ ಕೊಡುವ ಸಿಗ್ನಲನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು, ನೂರು ಮೀಟರಿನಷ್ಟು ತಪ್ಪಾಗುತ್ತಿತ್ತು. ನಮ್ಮಲ್ಲಿ ನೂರು ಮೀಟರ್ ಅಂದರೆ ಹಳ್ಳದ ಆಚೆ ದಂಡೆ. ಅದನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ಮುಂದೆ ನಮ್ಮ ಇಸ್ರೋ 2013ರಿಂದ 2016ರೊಳಗೆ ಏಳು ಉಪಗ್ರಹ ಹಾರಿಸಿ ನಾವಿಕ್ ಅಂತ ನಮ್ಮದೇ ವ್ಯವಸ್ಥೆಯನ್ನೂ ಮಾಡಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ತುಂಬಾ ಜನ ಟವರ್ ಇಲ್ಲದಿದ್ದರೆ ಜಿಪಿಎಸ್ ಕೂಡ ಇಲ್ಲ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಉಪಗ್ರಹದ ಸಿಗ್ನಲ್ ಆಕಾಶದಿಂದ ಬೀಳುತ್ತದೆ, ಫೋನು ಅದನ್ನು ರೇಡಿಯೋದಂತೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಟವರ್ ಬೇಕಾಗೋದು ನಕ್ಷೆಯ ಚಿತ್ರ ತರಿಸಲು, ಹೊಸ ದಾರಿ ಕೇಳಲು. ನಕ್ಷೆಯನ್ನು ಮೊದಲೇ ಇಳಿಸಿ ಫೋನಿನಲ್ಲಿ ಇಟ್ಟುಕೊಂಡರೆ ಕಾಡಿನ ಮಧ್ಯದಲ್ಲೂ ನಡೆಯುತ್ತದೆ. ಅಂದರೆ ಶೋರೂಮಿನ ಹುಡುಗ ಹೇಳಿದ ದೊಡ್ಡ ಲಾಭ ನನ್ನ ಜೇಬಿನಲ್ಲೇ ಬಿಟ್ಟಿ ಇತ್ತು!

ಹಾಗಂತ ಕಾರಿನೊಳಗಿನದ್ದು ಸುಮ್ಮನೆ ಅಂತಲ್ಲ. ಮಂಗಳೂರಿನ ಭಾವ ಕೆಲವು ವರ್ಷದ ಹಿಂದೆ 2009ರ ಒಂದು ದೊಡ್ಡ ಕಾರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಗೊಂಡಿದ್ದರು. ಅದರಲ್ಲಿ ನಕ್ಷೆ ಡಿವಿಡಿಯಲ್ಲಿದೆ. ಪರೀಕ್ಷೆ ಮಾಡೋಣ ಅಂತ ಅವರ ಜೊತೆ ಶೃಂಗೇರಿಯಿಂದ ಕೆರೆಕಟ್ಟೆ ಮೇಲೆ ಕಾರ್ಕಳಕ್ಕೆ ಹೋದೆ. ತನಿಕೋಡು ಗೇಟು ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಎರಡೂ ಕಡೆ ಕಗ್ಗಾಡು, ಮೇಲೆ ಮಂಜು. ನನ್ನ ಫೋನಿನ ಚುಕ್ಕೆ ಒಮ್ಮೆ ರಸ್ತೆಯಲ್ಲಿ, ಒಮ್ಮೆ ಗುಡ್ಡದಲ್ಲಿ ಕುಣಿಯುತ್ತಿತ್ತು. ಭಾವನ ಕಾರಿನ ಬಾಣ ಮಾತ್ರ ತಿರುವಿಗೆ ತಿರುವು ತಗೊಂಡು ಶಾಂತವಾಗಿ ಹೋಗುತ್ತಿತ್ತು. ಅದು 1981ರ ಅದೇ ವಿದ್ಯೆ. ಆಕಾಶ ಮುಚ್ಚಿದಾಗ ಚಕ್ರದ ಸುತ್ತು ಮತ್ತು ಗೈರೋ ನೋಡಿ ಲೆಕ್ಕ ಹಾಕುತ್ತದೆ. ಘಾಟಿ ರಸ್ತೆಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಅಲ್ಲೇ ಒಪ್ಪಿಕೊಂಡೆ.

"ನೋಡಿದ್ರಾ ಭಾವ, ದುಡ್ಡು ಕೊಟ್ಟದ್ದು ಸುಮ್ಮನೆ ಅಲ್ಲ" ಅಂದರು ಭಾವ.

ಆಗ ಪರದೆಯ ಮೂಲೆ ನೋಡಿದೆ. ರಸ್ತೆಯ ನಂಬರು 13 ಅಂತ ಇತ್ತು! ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಮೇಲೆ ಮಂಗಳೂರಿಗೆ ಹೋಗುವ ಈ ದಾರಿ ಹಿಂದೆ ಸೊಲ್ಲಾಪುರದಿಂದ ಬರುವ 13ನೇ ಹೆದ್ದಾರಿಯ ತುಂಡು. 2010ರಲ್ಲಿ ದೇಶದ ಎಲ್ಲ ಹೆದ್ದಾರಿಗಳ ನಂಬರು ಬದಲಾದಾಗ ಇದು 169 ಆಯಿತು, ಆಗುಂಬೆ ಘಾಟಿ ಇಳಿಯುವ ದಾರಿ ಈಗ 169ಎ. ಭಾವನ ಕಾರಿಗೆ ಆ ಸುದ್ದಿ ತಲುಪಲೇ ಇಲ್ಲ. ಕೆಳಗಿಳಿದ ಮೇಲೆ ರಸ್ತೆ ನೇರ ಮಾಡಿದ ಒಂದು ಜಾಗದಲ್ಲಂತೂ ಬಾಣ ಅಡ್ಡ ಬಿದ್ದು ಯಾರದ್ದೋ ತೋಟದೊಳಗೆ ನುಗ್ಗಿತು. ಹೊಸ ಡಿವಿಡಿ ಕೇಳಿದರೆ ಆ ಮಾಡೆಲ್ಲಿಗೆ ಈಗ ಬರೋದಿಲ್ಲ ಅಂದರಂತೆ. ಎಂಜಿನ್ನು ಇನ್ನೂ ಗಟ್ಟಿಮುಟ್ಟಾಗಿದೆ ಪಾಪ, ನಕ್ಷೆ ಮಾತ್ರ ಸತ್ತಿದೆ.

ಈಗಿನವು ಡಿವಿಡಿ ಅಲ್ಲ, ತಾವೇ ಇಂಟರ್ನೆಟ್ಟಿನಿಂದ ಹೊಸದು ತರಿಸಿಕೊಳ್ಳುತ್ತವೆ ಅನ್ನಬಹುದು. ನಿಜ. ಆದರೆ ಎಷ್ಟು ವರ್ಷ? ಶೋರೂಮಿನಲ್ಲಿ ಕೇಳಿದರೆ ಮೊದಲ ಮೂರು ವರ್ಷ ಫ್ರೀ, ಆಮೇಲೆ ಚಂದಾ ಕಟ್ಟಬೇಕು ಅಂದರು. 2022ರಲ್ಲಿ ಅಮೆರಿಕದಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಕಾರುಗಳ ಒಳಗಿನ ಸಂಪರ್ಕವೇ ಸತ್ತುಹೋಯಿತು, ಕಾರು ಚೆನ್ನಾಗಿದ್ದರೂ. ನಾವು ಒಂದು ಕಾರು ತಗೊಂಡರೆ ಹದಿನೈದು ವರ್ಷ ಓಡಿಸುವ ಜನ.

ನಕ್ಷೆ ಹಳತಾಗೋದು ನಮ್ಮ ಸೀಮೆಗೆ ಹೊಸದೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿಯ ಗೆರೆ ಅಳೆದ. ಮುಂದೆ ಸರ್ವೆ ಆಫ್ ಇಂಡಿಯಾದ ಹಾಳೆಗಳು ಬಂದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ 48 ಓ ಅನ್ನುವ ಒಂದೇ ಹಾಳೆಯಲ್ಲಿವೆ. ಆದರೆ ನರಸಿಂಹರಾಜಪುರ ಅಂತ 1915ಕ್ಕೆ ಹಿಂದಿನ ನಕ್ಷೆಯಲ್ಲಿ ಹುಡುಕಬೇಡಿ, ಸಿಗೋದಿಲ್ಲ. ಆಗ ಅದು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದು ಹೋದ ನೆನಪಿಗೆ ಹೆಸರು ಬದಲಾಯಿತು. ಅಲ್ಲಿಂದ ತರೀಕೆರೆಗೆ ಎರಡಡಿ ಅಗಲದ ಹಳಿಯ ಮೇಲೆ ಚಿಕ್ಕ ರೈಲು ಓಡುತ್ತಿತ್ತು ಅಂದರೆ ಈಗಿನ ಮಕ್ಕಳು ನಗುತ್ತಾರೆ. ಹಳೆಯ ನಕ್ಷೆಯಲ್ಲಿ ಆ ಗೆರೆ ಇದೆ, ನೆಲದ ಮೇಲೆ ರೈಲಿಲ್ಲ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಮುಗಿದು ನೀರು ಹಿಂದಕ್ಕೆ ನಿಂತಾಗ ಊರುಗಳೇ ಮುಳುಗಿದವು. ಅಲ್ಲಿಗೆ ಹೋಗುತ್ತಿದ್ದ ದಾರಿಗಳೂ ಮುಳುಗಿದವು.

ಇನ್ನು ಮೇಗುಂದದಂಥ ಕಡೆ ಮನೆಯಿಂದ ಮನೆಗೆ ಅರ್ಧ ಮೈಲಿ. ಬೀದಿ ಇಲ್ಲ, ಕ್ರಾಸ್ ಇಲ್ಲ, ಡೋರ್ ನಂಬರಿನಿಂದ ಯಾರನ್ನೂ ಹುಡುಕಲಾಗದು. ಮನೆಗೆ ಹೆಸರುಂಟು ಅಷ್ಟೆ. ನಮಗೆ ನಕ್ಷೆ ಅಂದರೆ ಬಸ್ಸಿನ ಕಂಡಕ್ಟರು. ಕೊಪ್ಪದ ಸಹಕಾರ ಸಾರಿಗೆ ಗೊತ್ತಲ್ಲ, ಶಂಕರ್ ಟ್ರಾನ್ಸ್‌ಪೋರ್ಟ್ ನಿಂತಾಗ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ್ದು. ಮನೆಯ ಹೆಸರು ಹೇಳಿದರೆ ಸಾಕು, ಅದರ ಕಂಡಕ್ಟರು ಸರಿಯಾದ ಉಣುಗೋಲಿನ ಎದುರು ಸೀಟಿ ಊದಿ ಇಳಿಸುತ್ತಿದ್ದ. 2020ರಲ್ಲಿ ಅದೂ ನಿಂತಿತು. ಬಸ್ಸಿನ ಜೊತೆ ಆ ನಕ್ಷೆಯೂ ಹೋಯಿತು.

ಉಳಿದದ್ದು ಅಪ್ಪಯ್ಯ. ಆದರೆ ನಿಜ ಹೇಳಬೇಕು, ಅಪ್ಪಯ್ಯನ ನಕ್ಷೆಯೂ ಭಾವನ ಡಿವಿಡಿಯಂತೆಯೇ. ಈ ಹದಿನೈದು ದಿನದಲ್ಲಿ ನಾನು ಅವರನ್ನು ಕೂರಿಸಿಕೊಂಡು ಮನೆಯಿಂದ ಟಾರು ರಸ್ತೆಗೆ ಇರುವ ಎಲ್ಲ ದಾರಿಗಳನ್ನು ಕೇಳಿದೆ. "ರೇಷನ್ ಅಂಗಡಿ ಹತ್ರ ಎಡಕ್ಕೆ" ಅಂದರು. ಅಲ್ಲಿ ರೇಷನ್ ಅಂಗಡಿ ಇದ್ದದ್ದು ನಾನು ಹೈಸ್ಕೂಲಿಗೆ ಹೋಗುವಾಗ. "ದೂಪದ ಮರದಿಂದ ಕೆಳಗೆ" ಅಂದರು. ಆ ಮರ ಬಿದ್ದು ಎಷ್ಟು ಮಳೆಗಾಲ ಆಯಿತೋ! ನನಗೆ ಅರ್ಥವಾಗುತ್ತದೆ, ತುಮಕೂರಿನ ಸೊಸೆಗೆ ಹೇಗೆ ಅರ್ಥವಾಗಬೇಕು?

ಶೋರೂಮಿಗೆ ಇನ್ನೊಂದು ಸಲ ಹೋಗಿ ಆ ಕಾಲುಸಂಕದ ಜಾಗವನ್ನು ಅವರ ಪರದೆಯಲ್ಲೇ ದೊಡ್ಡದು ಮಾಡಿ ನೋಡಿದೆ. ಅಲ್ಲೂ ಕಾರು ಹೋಗುವ ದಾರಿ ಅಂತಲೇ ಗೆರೆ ಇತ್ತು. ಆ ರಾತ್ರಿ ಈ ಕಾರೇ ಇದ್ದಿದ್ದರೂ ಅದೇ ಹಳ್ಳದ ದಂಡೆ. "ಇದು ತಪ್ಪು, ಸರಿಮಾಡಿಸಲು ಯಾರಿಗೆ ಹೇಳಬೇಕು?" ಅಂತ ಕೇಳಿದೆ. ಹುಡುಗ ಮ್ಯಾನೇಜರಿನ ಮುಖ ನೋಡಿದ, ಮ್ಯಾನೇಜರು "ಕಸ್ಟಮರ್ ಕೇರಿಗೆ ಮೇಲ್ ಹಾಕಿ ಸಾರ್" ಅಂದರು. ಅಲ್ಲಿಗೆ ನನ್ನ ತೀರ್ಮಾನ ಆಯಿತು. ಕೆಳಗಿನ ಮಾಡೆಲ್ಲನ್ನೇ ಬುಕ್ ಮಾಡಿದೆ. ಅದರಲ್ಲೂ ಫೋನನ್ನು ಪರದೆಗೆ ಜೋಡಿಸುವ ಸೌಕರ್ಯ ಇದೆ, ಸಾಕು. ಚಕ್ರದ ಲೆಕ್ಕದ ಆ ಬಾಣ ಸಿಗೋದಿಲ್ಲ ಅನ್ನೋದು ನಷ್ಟವೇ. ಆದರೆ ಕೆರೆಕಟ್ಟೆ ಕಾಡಿನಲ್ಲಿ ದಾರಿ ತಪ್ಪಲು ಎರಡನೇ ದಾರಿಯಾದರೂ ಎಲ್ಲಿದೆ?

ಉಳಿದ ಕೆಲಸ ಮನೆಯಲ್ಲಿ ಮಾಡಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದಿದೆ, 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಅದರ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಫೋನಿಗೆ ಇಳಿಸಿಕೊಂಡು ಸಿಗ್ನಲ್ ಇಲ್ಲದೆಯೂ ನೋಡಬಹುದು. ಮೂರು ಭಾನುವಾರ ಅಪ್ಪಯ್ಯನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆಂಡತಿಯೇ ಕಾರು ಓಡಿಸಿದಳು, ನಾನು ಹಿಂದೆ ಕೂತು ಗುರುತು ಹಾಕಿದೆ. ಮಳೆಗಾಲದಲ್ಲಿ ಕಾರು ಹೋಗುವ ದಾರಿ ಯಾವುದು, ಜೀಪು ಮಾತ್ರ ಹೋಗೋದು ಯಾವುದು, ಎಸ್ಟೇಟಿನ ಗೇಟು ರಾತ್ರಿ ಬೀಗ ಹಾಕೋದು ಎಲ್ಲಿ, ಎಲ್ಲ. ಆ ಸಂಕದ ಜಾಗಕ್ಕೆ ಕಾಲುದಾರಿ ಅಂತ ಹಾಕಿದೆ. ಹದಿನೈದು ದಿನ ಬಿಟ್ಟು ಹೊಸದಾಗಿ ಇಳಿಸಿ, ಇದೇ ಜಾಗದಿಂದ ಮಣಿಪಾಲಕ್ಕೆ ದಾರಿ ಕೇಳಿದೆ. ಹಳ್ಳದ ಕಡೆಗೆ ತಿರುಗಲೇ ಇಲ್ಲ.

ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಹಳ್ಳದ ಹೆಸರು ತಪ್ಪು ಬರ್ದಿದೀಯಲ್ಲೋ" ಅಂದರು.