ಜಿಗಿಯದೆ ಮಲಗಿದ ನಾಯಿಗಳು

ಪುಣೆಗೆ ಬಂದ ಮೂರನೆಯ ವರ್ಷ, ಒಂದು ಮಳೆಗಾಲವಿಡೀ ನಾನು ಕೋಣೆ ಬಿಟ್ಟು ಹೊರಬಿದ್ದದ್ದು ಕಡಿಮೆ. ಆಫೀಸಿನ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಊರಿಂದ ಅಮ್ಮ ಫೋನ್ ಮಾಡಿದರೆ "ಆರಾಮಿದೀನಿ" ಅನ್ನುವಷ್ಟು ಮಾತು ಹೊರಡುತ್ತಿತ್ತು. ತಲೆಯಲ್ಲಿ ಒಂದೇ ವಾಕ್ಯ: ನಾನು ಏನು ಮಾಡಿದರೂ ಏನೂ ಬದಲಾಗುವುದಿಲ್ಲ. ಅದಕ್ಕೆ ಖಿನ್ನತೆ ಎಂದು ವೈದ್ಯರು ಹೆಸರಿಟ್ಟದ್ದು ಆಮೇಲೆ. ಚೇತರಿಸಿಕೊಂಡ ಮೇಲೆ, ಆ ವಾಕ್ಯಕ್ಕೂ ಒಂದು ಚರಿತ್ರೆ ಇದ್ದೀತೇ ಎಂದು ಹುಡುಕುತ್ತಾ ಹೋದೆ. ಇದೆ. ಅದು ಶುರುವಾಗುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ನಾಯಿಗಳಿಂದ.

1960ರ ದಶಕದ ನಡುಭಾಗ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಸಾಲೊಮನ್ ಅವರ ಪ್ರಯೋಗಾಲಯದಲ್ಲಿ ಪ್ರಾಣಿಗಳು ಭಯವನ್ನು ಕಲಿಯುವ ಬಗೆಯ ಅಧ್ಯಯನ ನಡೆದಿತ್ತು. ಮೊದಲೇ ವಿದ್ಯುತ್ ಶಾಕ್ ತಿಂದಿದ್ದ ನಾಯಿಗಳನ್ನು, ನಡುವೆ ಗಿಡ್ಡ ಅಡ್ಡಹಲಗೆಯಿರುವ ಪೆಟ್ಟಿಗೆಯಲ್ಲಿ ಬಿಟ್ಟರೆ, ಆಚೆ ಹಾರಿ ಪಾರಾಗುವ ಬದಲು ಕುಂಯ್‌ಗುಡುತ್ತಾ ಮಲಗಿಬಿಡುತ್ತಿದ್ದವು. ಅಲ್ಲಿನ ವಿದ್ಯಾರ್ಥಿಗಳಾಗಿದ್ದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಈ ಮಲಗುವಿಕೆಯ ಬೆನ್ನು ಹತ್ತಿದರು.

1967ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳವಾದದ್ದು, ಕ್ರೂರವಾದದ್ದೂ ಹೌದು. ಮೊದಲ ಗುಂಪಿನ ನಾಯಿಗಳು ತಲೆಯಿಂದ ಒಂದು ಫಲಕ ಒತ್ತಿದರೆ ಶಾಕ್ ನಿಲ್ಲುತ್ತಿತ್ತು. ಎರಡನೆಯ ಗುಂಪಿಗೂ ಅಷ್ಟೇ ಶಾಕ್, ಆದರೆ ಅವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮೂರನೆಯದಕ್ಕೆ ಶಾಕ್ ಇಲ್ಲ. ಮರುದಿನ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲನೆಯ, ಮೂರನೆಯ ಗುಂಪಿನವು ಬೇಗನೆ ಹಾರುವುದನ್ನು ಕಲಿತವು. ಎರಡನೆಯ ಗುಂಪಿನ ಹೆಚ್ಚಿನವು ಹಾರಲಿಲ್ಲ. ನೋವು ಎರಡು ಗುಂಪಿಗೂ ಸಮವೇ ಇತ್ತು. ಅದು ತಮ್ಮ ಕೈಲಿದೆಯೋ ಇಲ್ಲವೋ ಎನ್ನುವುದಷ್ಟೇ ಬೇರೆ. ಇದಕ್ಕೆ ಅವರಿಟ್ಟ ಹೆಸರು 'ಕಲಿತ ಅಸಹಾಯಕತೆ'.

ವಿಚಿತ್ರವೆಂದರೆ ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ವರ್ಷಗಳಲ್ಲಿ, ಏರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆಯ ರೋಗಿಗಳ ಮಾತು ಕೇಳುತ್ತಾ ಕೂತಿದ್ದರು. ನಾನು ಕೆಲಸಕ್ಕೆ ಬಾರದವನು, ಲೋಕ ನನಗೆ ಒಲಿಯದು, ಮುಂದೆಯೂ ಹೀಗೇ. ಕರೆಯದೆ ಬರುವ ಈ ಯೋಚನೆಗಳು ರೋಗದ ಹೊಗೆಯಷ್ಟೇ ಅಲ್ಲ, ಬೆಂಕಿಯ ಭಾಗವೇ ಎಂದು ಬೆಕ್ ವಾದಿಸಿದರು. ನನ್ನ ಮಳೆಗಾಲದ ಡೈರಿ ಯಾರಾದರೂ ಓದಿದ್ದರೆ ಈ ಮೂರೂ ಸಿಗುತ್ತಿದ್ದವು.

1975ರ ತಮ್ಮ ಪುಸ್ತಕದಲ್ಲಿ ಸೆಲಿಗ್ಮನ್ ಅಸಹಾಯಕತೆಯನ್ನು ಖಿನ್ನತೆಗೆ ಜೋಡಿಸಿದರು. ಅಲ್ಲಿಂದ ಆ ಮಾತು ಎಲ್ಲೆಡೆ ಹರಡಿತು, ನನ್ನ ಆಫೀಸಿನ ತರಬೇತಿ ಸ್ಲೈಡುಗಳವರೆಗೆ. ಹರಡುತ್ತಾ ಅದಕ್ಕೊಂದು ಅಡ್ಡ ಅರ್ಥವೂ ಅಂಟಿಕೊಂಡಿತು: ಕಲಿತದ್ದಾದರೆ ಮರೆಯಬೇಕಪ್ಪ, ಮರೆಯದಿದ್ದರೆ ತಪ್ಪು ನಿನ್ನದೇ. "ಮನಸ್ಸು ಗಟ್ಟಿ ಮಾಡ್ಕೋ" ಎಂದು ನಮ್ಮ ಮನೆಗಳಲ್ಲಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಮೇಯರ್ ಮಾತ್ರ ಮಿದುಳಿನ ಕಡೆಗೆ ಹೊರಳಿದರು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇಲಿಗಳ ಮೇಲೆ ನಡೆಸಿದ ಕೆಲಸ ಅವರನ್ನು ಮಿದುಳುಕಾಂಡದ ರಾಫೆ ಎಂಬ ಸಣ್ಣ ಕೇಂದ್ರಕ್ಕೆ ತಂದು ನಿಲ್ಲಿಸಿತು. ಗ್ರೀಕಿನಲ್ಲಿ ರಾಫೆ ಎಂದರೆ ಹೊಲಿಗೆ. ಮಿದುಳುಕಾಂಡದ ಎಡಬಲ ಸೇರುವ ನಡುಗೆರೆಯಲ್ಲಿದೆ ಇದು. ತಪ್ಪಿಸಿಕೊಳ್ಳಲಾಗದ ಶಾಕ್ ಬಿದ್ದಾಗ ಇಲ್ಲಿನ ಸೆರೊಟೋನಿನ್ ಕೋಶಗಳು ವಿಪರೀತ ಚುರುಕಾಗಿ, ಪಾರಾಗುವ ಪ್ರಯತ್ನವನ್ನೇ ಅದುಮುತ್ತವೆ. (ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ ಎಂಬ ವಾಟ್ಸ್ಆ್ಯಪ್ ಜ್ಞಾನ ಇಲ್ಲಿ ನಿಲ್ಲುವುದಿಲ್ಲ.)

ಹಾಗಾದರೆ ಶಾಕನ್ನು ನಿಲ್ಲಿಸಬಲ್ಲ ಇಲಿಯಲ್ಲಿ ಆಗುವುದೇನು? 2005ರಲ್ಲಿ ಮೇಯರ್ ಮತ್ತು ಜೊತೆಗಾರರು ಉತ್ತರ ಕೊಟ್ಟರು. ಹಣೆಯ ಹಿಂದಿನ ಮುಂಭಾಗದ ಮಿದುಳು "ಇದು ನನ್ನ ಹಿಡಿತದಲ್ಲಿದೆ" ಎಂದು ಗುರುತಿಸಿ ರಾಫೆಯನ್ನು ಸುಮ್ಮನಾಗಿಸುತ್ತದೆ. ಔಷಧಿಯಿಂದ ಆ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ, ಶಾಕನ್ನು ನಿಲ್ಲಿಸುತ್ತಿದ್ದ ಇಲಿಯೂ ಆಮೇಲೆ ಅಸಹಾಯಕ ಇಲಿಯಂತೆಯೇ ನಡೆದುಕೊಂಡಿತು.

2016ರಲ್ಲಿ ಇಬ್ಬರು ಹಳೆಯ ಗೆಳೆಯರೂ ಸೇರಿ ಲೇಖನವೊಂದನ್ನು ಬರೆದು, ಸುಮಾರು ಐವತ್ತು ವರ್ಷದ ಹಿಂದಿನ ತಮ್ಮ ಸಿದ್ಧಾಂತ ತಿರುವುಮುರುವಾಗಿತ್ತು ಎಂದು ಒಪ್ಪಿಕೊಂಡರು. ಅಸಹಾಯಕತೆ ಕಲಿಯುವಂಥದ್ದಲ್ಲ, ನೋವು ಎಡೆಬಿಡದೆ ಮುಂದುವರಿದಾಗ ಪ್ರಾಣಿಯ ಮಿದುಳು ಸಹಜವಾಗಿ ಸೇರುವ ಸ್ಥಿತಿ ಅದು. ಕಲಿಯುವುದು ಹಿಡಿತವನ್ನು. ಬಾಳೆಲ್ಲ ಒಂದು ಸಿದ್ಧಾಂತದಿಂದ ಹೆಸರಾದವರು ಅದನ್ನೇ ತಿರುಗಿಸಿ ಹಾಕುವುದು ವಿಜ್ಞಾನದಲ್ಲೂ ಅಪರೂಪ. ಇಲಿಯಿಂದ ಮನುಷ್ಯನಿಗೆ ದೂರ ಬಹಳ, ಖಿನ್ನತೆ ಇಷ್ಟರಲ್ಲೇ ಮುಗಿಯುವುದೂ ಇಲ್ಲ. ಆದರೂ ಅದನ್ನು ಓದಿದ ರಾತ್ರಿ ನಾನು ಕೆಟ್ಟದ್ದೇನನ್ನೋ ಕಲಿತವನಲ್ಲ ಎಂದು ತಿಳಿದು ಎದೆ ಹಗುರಾಯಿತು.

ನಾಯಿಗಳ ಕತೆಯ ಒಂದು ಭಾಗ ಬಿಟ್ಟಿದ್ದೆ. ಮಲಗಿದ ನಾಯಿಗಳಿಗೆ ಏನಾದರೂ ಮಾಡಬಹುದೇ ಎಂದು 1968ರಲ್ಲಿ ಸೆಲಿಗ್ಮನ್, ಮೇಯರ್ ನೋಡಿದರು. ಕೊನೆಗೆ ಫಲ ಕೊಟ್ಟದ್ದು ಕೊರಳಿಗೆ ಹಗ್ಗ ಹಾಕಿ ಆಚೆ ಬದಿಗೆ ಎಳೆಯುವುದು, ಮತ್ತೆ ಮತ್ತೆ ಎಳೆಯುವುದು. ಕ್ರಮೇಣ ಹಗ್ಗದ ಬಿಗಿ ಸಡಿಲವಾಗಿ ಅವು ತಾವೇ ಹಾರತೊಡಗಿದವು.

ಆ ಮಳೆಗಾಲದಲ್ಲಿ ಮಾತ್ರೆಯೂ ಇತ್ತು, ಆಪ್ತಸಮಾಲೋಚನೆಯೂ ಇತ್ತು. ಜೊತೆಗೆ ಧಾರವಾಡ ಕಡೆಯ ರೂಮ್‌ಮೇಟ್ ಇದ್ದ. ಸಂಜೆಯಾದರೆ ಹೊದಿಕೆ ಎಳೆದು, "ಏಳಲೇ, ಚಹಾ ಕುಡದ ಬರೂಣು ನಡಿ" ಎಂದು ಮೂರು ಮಹಡಿ ಇಳಿಸಿ ಮೂಲೆಯ ಅಂಗಡಿಗೆ ಕರೆದೊಯ್ಯುತ್ತಿದ್ದ. ಮೊದಮೊದಲು ಅವನ ಮೇಲೆ ಸಿಟ್ಟೇ ಬರುತ್ತಿತ್ತು. ಎಷ್ಟು ಸಂಜೆ ಹಾಗೆ ನಡೆಯಿತೋ ಎಣಿಸಿಲ್ಲ. ಗಣಪತಿ ಹಬ್ಬದ ಹೊತ್ತಿಗೆ, ಒಂದು ದಿನ, ಅವನು ಆಫೀಸಿನಿಂದ ಬರುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ.